ಅಂಕಪಟ್ಟಿಯ ತಳದಿಂದ ಮೇಲಕ್ಕೆ: ಇಂಗ್ಲೆಂಡಿನ ಅರೆವೃತ್ತಿಪರ ಫುಟ್‌ಬಾಲ್ ಲೀಗನ್ನು ಅರಿಯುವ ಬಗೆ

ವೇಲ್ಸಿನ ರೆಕ್ಸಮ್ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬನ್ನು 2021ರಲ್ಲಿ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕೆಲ್ಹೆನಿ ಎಂಬ ಇಬ್ಬರು ನಟರು ಕೊಂಡುಕೊಂಡರು. ಆಗ ಅದು ಇಂಗ್ಲೆಂಡಿನ ಲೀಗುಗಳ ಏಣಿಯಲ್ಲಿ ಮೇಲಿನಿಂದ ಐದನೇ ಹಂತದಲ್ಲಿತ್ತು. 2008ರಲ್ಲಿ ಅಲ್ಲಿಗೆ ಇಳಿದದ್ದು ಮೇಲೇರಲಾಗದೆ ಅಲ್ಲಿಯೇ ಉಳಿದಿತ್ತು. 2023, 2024, 2025 ಹೀಗೆ ಮೂರು ವರ್ಷ ಸತತವಾಗಿ ಬಡ್ತಿ ಪಡೆದು ಅದು ಎರಡನೇ ಹಂತವನ್ನು ತಲುಪಿದಾಗ, ಪ್ರೀಮಿಯರ್ ಲೀಗ್ ಒಂದನ್ನೇ ಬಲ್ಲ ನಮ್ಮ ಊರುಗಳ ಪ್ರೇಕ್ಷಕರಿಗೂ ‘ನ್ಯಾಷನಲ್ ಲೀಗ್’, ‘ಇಸ್ತ್ಮಿಯನ್ ಲೀಗ್’, ‘ನಾನ್-ಲೀಗ್’ ಮೊದಲಾದ ಹೆಸರುಗಳು ಕಿವಿಗೆ ಬೀಳತೊಡಗಿದವು. ಫಲಿತಾಂಶಗಳು ಮೊಬೈಲ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ‘2–1’ ಎಂಬ ಎರಡು ಅಂಕೆಗಳ ಹಿಂದೆ ಯಾವ ವ್ಯವಸ್ಥೆ ಇದೆ, ಒಂದೇ ಒಂದು ಗೋಲಿಗಾಗಿ ಒಂದು ಊರು ಏಕೆ ಅಷ್ಟು ಕಾತರಿಸುತ್ತದೆ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಇಸ್ತ್ಮಿಯನ್ ಲೀಗನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಇಲ್ಲಿ ಬಿಡಿಸಿ ನೋಡೋಣ.

ಲೀಗ್ ಆಡುವವರನ್ನೇ ‘ನಾನ್-ಲೀಗ್’ ಎನ್ನುವುದೇಕೆ?

ಮೊದಲ ಗೊಂದಲ ಹೆಸರಿನಲ್ಲಿಯೇ ಇದೆ. ಇಂಗ್ಲೆಂಡಿನಲ್ಲಿ 1888ರಲ್ಲಿ ಆರಂಭವಾದ ಸ್ಪರ್ಧೆಯ ಹೆಸರು ‘ಫುಟ್‌ಬಾಲ್ ಲೀಗ್’. ‘ದಿ ಲೀಗ್’ ಎಂದರೆ ಅದೊಂದೇ ಎಂಬ ರೂಢಿ ಬೆಳೆದದ್ದರಿಂದ ಅದರ ಹೊರಗೆ ಉಳಿದ ಕ್ಲಬ್ಬುಗಳೆಲ್ಲ, ತಮ್ಮದೇ ಲೀಗುಗಳಲ್ಲಿ ವರ್ಷವಿಡೀ ಆಡುತ್ತಿದ್ದರೂ, ‘ನಾನ್-ಲೀಗ್’ ಎನಿಸಿಕೊಂಡವು. ಇಂದು ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್ಬುಗಳಿವೆ. ಅದರ ಕೆಳಗಿನ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಹಂತಗಳಲ್ಲಿ ತಲಾ 24 ಇವೆ. ಒಟ್ಟು 92. ಐದನೇ ಹಂತದಿಂದ ಕೆಳಗಿನದೆಲ್ಲ ನಾನ್-ಲೀಗ್.

ಈ ಏಣಿಯ ಆಕಾರ ನಮ್ಮ ಶಾಲಾ ಕ್ರೀಡಾಕೂಟಗಳನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ. ಹೋಬಳಿ ಮಟ್ಟದ ಕೂಟಗಳು ಬಹಳ, ತಾಲ್ಲೂಕು ಮಟ್ಟದವು ಅದಕ್ಕಿಂತ ಕಡಿಮೆ, ಜಿಲ್ಲೆಯವು ಇನ್ನೂ ಕಡಿಮೆ, ರಾಜ್ಯ ಮಟ್ಟದ್ದು ಒಂದೇ. ಹಾಗೆಯೇ ಇಂಗ್ಲೆಂಡಿನ ಐದನೇ ಹಂತದ ನ್ಯಾಷನಲ್ ಲೀಗ್ ಇಡೀ ದೇಶಕ್ಕೆ ಒಂದು. ಆರನೇ ಹಂತ ಉತ್ತರ ಮತ್ತು ದಕ್ಷಿಣ ಎಂದು ಎರಡಾಗುತ್ತದೆ. ಏಳನೆಯದರಲ್ಲಿ ನಾಲ್ಕು ವಿಭಾಗಗಳು, ಎಂಟನೆಯದರಲ್ಲಿ ಎಂಟು. ಅವುಗಳ ಕೆಳಗೂ ಜಿಲ್ಲಾ ಮಟ್ಟದ ಲೀಗುಗಳು ಹರಡಿಕೊಂಡಿವೆ. ಕೆಳಗೆ ಹೋದಷ್ಟೂ ವಿಭಾಗಗಳು ಹೆಚ್ಚುವುದಕ್ಕೆ ಕಾರಣ ಪ್ರಯಾಣ. ಹಗಲು ಬೇರೆ ಕೆಲಸ ಮಾಡುವ ಆಟಗಾರನನ್ನು ಮಂಗಳವಾರ ಸಂಜೆ ದೇಶದ ಆ ತುದಿಗೆ ಆಡಲು ಕಳಿಸಿ, ಬುಧವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗು ಎನ್ನಲಾಗದು.

ಕ್ರೀಡಾಕೂಟಕ್ಕೂ ಈ ಏಣಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕ್ರೀಡಾಕೂಟದಲ್ಲಿ ಗೆದ್ದವರು ಮರುವರ್ಷ ಮತ್ತೆ ಹೋಬಳಿಯಿಂದಲೇ ಆರಂಭಿಸಬೇಕು. ಇಲ್ಲಿ ಮೇಲೇರಿದ ಕ್ಲಬ್ಬು, ಸೋತು ಇಳಿಯುವವರೆಗೆ, ಮೇಲೆಯೇ ಉಳಿಯುತ್ತದೆ.

ಗೌರವವೇ ಸಾಕು ಎಂದಿದ್ದ ಲೀಗ್

ಇಸ್ತ್ಮಿಯನ್ ಲೀಗ್ ಏಳನೇ ಹಂತದ ಒಂದು ವಿಭಾಗವನ್ನೂ ಎಂಟನೇ ಹಂತದ ಮೂರು ವಿಭಾಗಗಳನ್ನೂ ನಡೆಸುತ್ತದೆ. ಇದರ ಕ್ಲಬ್ಬುಗಳು ಲಂಡನ್ ಮತ್ತು ಅದರ ಸುತ್ತಲಿನ ಆಗ್ನೇಯ, ಪೂರ್ವ ಇಂಗ್ಲೆಂಡಿನವು. 1905ರಲ್ಲಿ ಲಂಡನ್ ಪ್ರದೇಶದ ಹವ್ಯಾಸಿ ಕ್ಲಬ್ಬುಗಳು ಕೂಡಿ ಇದನ್ನು ಕಟ್ಟಿದವು. ಪ್ರಾಚೀನ ಗ್ರೀಸಿನ ಕೊರಿಂತ್‌ನಲ್ಲಿ ನಡೆಯುತ್ತಿದ್ದ ಇಸ್ತ್ಮಿಯನ್ ಕ್ರೀಡೆಗಳಿಂದ ಹೆಸರು ಬಂತು. ‘ಹೊನೋರ್ ಸಫಿಸಿಟ್’ ಎಂಬುದು ಇದರ ಲ್ಯಾಟಿನ್ ಧ್ಯೇಯವಾಕ್ಯ. ಗೌರವವೇ ಸಾಕು ಎಂದರ್ಥ. ಆ ಮಾತಿಗೆ ತಕ್ಕಂತೆ ಆರಂಭದ ದಿನಗಳಲ್ಲಿ ಗೆದ್ದವರಿಗೆ ಟ್ರೋಫಿಯನ್ನಾಗಲಿ ಪದಕವನ್ನಾಗಲಿ ಕೊಡುತ್ತಿರಲಿಲ್ಲ.

ಮೊದಲ ವರ್ಷದ ತಂಡಗಳ ಹೆಸರುಗಳು ಗಮನಾರ್ಹ: ಲಂಡನ್ ಹಾಸ್ಪಿಟಲ್, ಸಿವಿಲ್ ಸರ್ವಿಸ್, ಲಂಡನ್ ಕೆಲೆಡೋನಿಯನ್ಸ್, ಕ್ಲಾಪ್ಟನ್, ಕ್ಯಾಶುಯಲ್ಸ್, ಈಲಿಂಗ್. ಒಂದು ಆಸ್ಪತ್ರೆಯ ತಂಡ, ಒಂದು ಸರ್ಕಾರಿ ನೌಕರರ ತಂಡ. ಬೆಂಗಳೂರಿನ ಲೀಗ್‌ನಲ್ಲಿ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳನ್ನು ಕಂಡ ಹಿರಿಯ ಓದುಗರಿಗೆ ಇದು ಅಪರಿಚಿತ ಲೋಕವೇನಲ್ಲ. ನಮ್ಮಲ್ಲಿ ಆಟಗಾರನಿಗೆ ಸಂಸ್ಥೆ ಕೆಲಸ ಕೊಟ್ಟು, ಆತ ಆ ಸಂಸ್ಥೆಯ ತಂಡಕ್ಕೇ ಆಡುವ ಪದ್ಧತಿ ಬೇರೂರಿತು. ಇಂಗ್ಲೆಂಡಿನ ಕೆಳ ಹಂತಗಳಲ್ಲಿ ಬೆಳೆದದ್ದು ಇನ್ನೊಂದು ಪದ್ಧತಿ: ಕೆಲಸ ಒಂದು ಕಡೆ, ಆಟ ಇನ್ನೊಂದು ಕಡೆ.

ಹವ್ಯಾಸಿ ಎಂದರೆ ಹಣ ಪಡೆಯದೆ ಆಡುವವನು. ನಿಯಮ ಹಾಗಿದ್ದರೂ, ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳಲು ಗುಟ್ಟಾಗಿ ಹಣ ಕೊಡುವ ವಾಡಿಕೆ ಎಷ್ಟು ಹಬ್ಬಿತ್ತೆಂದರೆ, ಬೂಟಿನೊಳಗೆ ನೋಟು ಇರಿಸಿ ಕೊಡುತ್ತಿದ್ದುದರಿಂದ ಅದಕ್ಕೆ ‘ಬೂಟ್ ಮನಿ’ ಎಂಬ ಹೆಸರೇ ಬಿದ್ದಿತ್ತು. ಕೊನೆಗೆ 1974ರಲ್ಲಿ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ಅಳಿಸಿ, ಎಲ್ಲರನ್ನೂ ‘ಆಟಗಾರ’ ಎಂದಷ್ಟೇ ಕರೆಯಿತು. ಇಂದಿನ ಅರೆವೃತ್ತಿಪರ ಆಟ ಬೆಳೆದದ್ದು ಈ ತೀರ್ಮಾನದ ಮೇಲೆ.

ಅರೆವೃತ್ತಿಪರ ಎಂದರೆ ಆಟ ಅರೆಬರೆ ಎಂದಲ್ಲ

ಅರೆವೃತ್ತಿಪರ ಆಟಗಾರನಿಗೆ ಆಟದಿಂದ ಹಣ ಬರುತ್ತದೆ, ಆದರೆ ಸಾಮಾನ್ಯವಾಗಿ ಅದರಿಂದಲೇ ಮನೆ ನಡೆಯುವುದಿಲ್ಲ. ಹಗಲು ಆತ ವಿದ್ಯುತ್ ಕೆಲಸಗಾರನೋ ಶಿಕ್ಷಕನೋ ಸಾಮಾನು ಸಾಗಿಸುವ ವ್ಯಾನಿನ ಚಾಲಕನೋ ಆಗಿರಬಹುದು. ವಾರದಲ್ಲಿ ಒಂದೆರಡು ಸಂಜೆ ಅಭ್ಯಾಸ, ಶನಿವಾರ ಮಧ್ಯಾಹ್ನ ಪಂದ್ಯ, ಬಹಳಷ್ಟು ವಾರಗಳಲ್ಲಿ ಮಂಗಳವಾರ ರಾತ್ರಿ ದೀಪದ ಬೆಳಕಿನಲ್ಲಿ ಇನ್ನೊಂದು ಪಂದ್ಯ. ಜೇಮೀ ವಾರ್ಡಿ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದ ದಿನಗಳಲ್ಲಿ ಕೈಕಾಲಿಗೆ ಆಸರೆಯಾಗಿ ಕಟ್ಟುವ ವೈದ್ಯಕೀಯ ಪಟ್ಟಿಗಳನ್ನು (ಸ್ಪ್ಲಿಂಟ್) ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 2010ರಲ್ಲಿ ಹ್ಯಾಲಿಫ್ಯಾಕ್ಸ್, 2011ರಲ್ಲಿ ಫ್ಲೀಟ್‌ವುಡ್, 2012ರಲ್ಲಿ ಲೆಸ್ಟರ್ ಸಿಟಿ ಎಂದು ಮೇಲೇರಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ತಂಡದ ಮುಂಚೂಣಿಯಲ್ಲಿದ್ದರು. ಇಂಥ ಏರಿಕೆ ಅಪರೂಪ. ಆದರೆ ದಾರಿ ಮುಚ್ಚಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಫಲಿತಾಂಶಗಳನ್ನು ಅರಿಯಲು ಈ ಬದುಕಿನ ಲಯವನ್ನು ಮೊದಲು ಅರಿಯಬೇಕು. ಶನಿವಾರ 4–0 ಗೆದ್ದ ತಂಡ ಮಂಗಳವಾರ ಅದಕ್ಕಿಂತ ದುರ್ಬಲ ತಂಡಕ್ಕೆ ಸೋತಿದ್ದರೆ ಅದಕ್ಕೆ ಕಾರಣ ಬಹಳ ಸರಳವಾಗಿರಬಹುದು. ಒಬ್ಬನಿಗೆ ರಾತ್ರಿ ಪಾಳಿ ಇತ್ತು, ಇನ್ನೊಬ್ಬ ಹೆದ್ದಾರಿಯ ವಾಹನದಟ್ಟಣೆಯಲ್ಲಿ ಸಿಲುಕಿಕೊಂಡ ಎನ್ನುವಂಥದ್ದು. ಎರಡನೆಯದಾಗಿ, ಈ ಹಂತಗಳಲ್ಲಿ ಬಹಳ ಮಂದಿ ಒಪ್ಪಂದವಿಲ್ಲದೆ ಆಡುತ್ತಾರೆ. ಅಂಥ ಆಟಗಾರನ ಮೇಲೆ ಕಣ್ಣಿಟ್ಟ ಇನ್ನೊಂದು ಕ್ಲಬ್ಬು ಅವನ ಈಗಿನ ಕ್ಲಬ್ಬಿಗೆ ಏಳು ದಿನಗಳ ನೋಟಿಸ್ ಕೊಟ್ಟು ಅವನೊಡನೆ ಮಾತುಕತೆ ಆರಂಭಿಸಬಹುದು. ಮೇಲಿನ ಹಂತದ ಕ್ಲಬ್ಬುಗಳು ತಮ್ಮ ಕಿರಿಯ ಆಟಗಾರರನ್ನು ಅನುಭವಕ್ಕೆಂದು ಎರವಲು ಕೊಟ್ಟು, ಬೇಕೆನಿಸಿದಾಗ ವಾಪಸ್ ಕರೆಸಿಕೊಳ್ಳುತ್ತವೆ. ಹೀಗಾಗಿ ಆಗಸ್ಟ್‌ನಲ್ಲಿ ಕಂಡ ಹನ್ನೊಂದು ಮಂದಿಯೇ ಫೆಬ್ರವರಿಯಲ್ಲಿಯೂ ಇರುತ್ತಾರೆಂಬ ಖಾತರಿ ಇಲ್ಲ. ಎರಡು ಫಲಿತಾಂಶಗಳನ್ನು ಹೋಲಿಸುವಾಗ ಎರಡು ಬೇರೆ ತಂಡಗಳನ್ನೇ ಹೋಲಿಸುತ್ತಿರಬಹುದು.

ಪಟ್ಟಿಯ ಕಾಲಂಗಳು

ಗೆದ್ದರೆ 3 ಅಂಕ, ಸಮ ಆದರೆ 1, ಸೋತರೆ ಏನೂ ಇಲ್ಲ. ಗೆಲುವಿಗೆ ಮೊದಲು 2 ಅಂಕವಿತ್ತು. ಫುಟ್‌ಬಾಲ್ ಲೀಗ್ 1981ರಲ್ಲಿ ಅದನ್ನು 3ಕ್ಕೆ ಏರಿಸಿದ್ದು ತಂಡಗಳು ಸಮಬಲಕ್ಕೆ ತೃಪ್ತಿಪಡದೆ ಗೆಲ್ಲಲೆಂದು ಆಡಲಿ ಎಂದು. ಅಂಕಗಳು ಸಮವಾದಾಗ ಗೋಲು ವ್ಯತ್ಯಾಸವನ್ನು ನೋಡುತ್ತಾರೆ. ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವುದೇ ಅದು. ಕ್ರಿಕೆಟ್ ಬಲ್ಲವರು ನೆಟ್ ರನ್ ರೇಟನ್ನು ನೆನೆದರೆ ಸಾಕು. 3–0 ಮುಂದಿರುವ ತಂಡ ಕೊನೆಯ ನಿಮಿಷದಲ್ಲಿ ಬಿಟ್ಟುಕೊಟ್ಟ ಗೋಲಿಗೂ ಅದರ ನಾಯಕ ಸಿಡಿಮಿಡಿಗೊಳ್ಳುವುದು ಇದೇ ಕಾರಣಕ್ಕೆ.

ಇಸ್ತ್ಮಿಯನ್ ಲೀಗಿನ ಏಳನೇ ಹಂತದ ವಿಭಾಗವಾದ ‘ಪ್ರೀಮಿಯರ್ ವಿಭಾಗ’ದಲ್ಲಿ 22 ಕ್ಲಬ್ಬುಗಳು ಪರಸ್ಪರ ಎರಡು ಬಾರಿ, ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ, ಆಡುತ್ತವೆ. ಒಂದು ಕ್ಲಬ್ಬಿಗೆ 42 ಪಂದ್ಯ, ಒಟ್ಟು 462. ಫಲಿತಾಂಶಗಳ ಪಟ್ಟಿಯಲ್ಲಿ ಮೊದಲು ಬರೆದ ಹೆಸರು ಯಾವಾಗಲೂ ತವರು ತಂಡದ್ದು.

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಅಂಕಗಳ ಕಾಲಂ ಒಂದನ್ನೇ ನೋಡುವುದು. ಅದಕ್ಕಿಂತ ಮೊದಲು ನೋಡಬೇಕಾದದ್ದು ಆಡಿದ ಪಂದ್ಯಗಳ ಸಂಖ್ಯೆ. ಈ ಹಂತಗಳಲ್ಲಿ ಮಳೆಗೆ ಮೈದಾನ ಕೆರೆಯಾಗುವುದು, ಹಿಮಕ್ಕೆ ನೆಲ ಕಲ್ಲಾಗುವುದು ಸಾಮಾನ್ಯ. ನೆಲದಡಿ ಬಿಸಿನೀರಿನ ಕೊಳವೆ ಹಾಯಿಸುವ ಸೌಕರ್ಯ ಶ್ರೀಮಂತ ಕ್ಲಬ್ಬುಗಳಿಗೆ ಮಾತ್ರ. ಅದಲ್ಲದೆ, ಲೀಗಿನ ಹೊರಗೆ ನಡೆಯುವ, ಸೋತವರು ಹೊರಬೀಳುವ ಸ್ಪರ್ಧೆಗಳಾದ ಎಫ್‌ಎ ಕಪ್ಪಿನಲ್ಲಿಯೋ ಎಫ್‌ಎ ಟ್ರೋಫಿಯಲ್ಲಿಯೋ ಮುನ್ನಡೆದ ಕ್ಲಬ್ಬಿನ ಲೀಗ್ ಪಂದ್ಯಗಳು ಮುಂದಕ್ಕೆ ಹೋಗುತ್ತವೆ. ಒಂದು ತಂಡ 30 ಪಂದ್ಯಗಳಿಂದ 55 ಅಂಕ, ಇನ್ನೊಂದು 26 ಪಂದ್ಯಗಳಿಂದ 50 ಅಂಕ ಗಳಿಸಿದೆ ಎಂದುಕೊಳ್ಳಿ. ಮೇಲೆ ಕಾಣುವುದು ಮೊದಲನೆಯದು, ಆದರೆ ಎರಡನೆಯದರ ಕೈಯಲ್ಲಿ 12 ಅಂಕಗಳ ಅವಕಾಶ ಉಳಿದಿದೆ. ಆ ನಾಲ್ಕು ಪಂದ್ಯಗಳನ್ನು ಏಪ್ರಿಲ್‌ನಲ್ಲಿ, ದಣಿದ ಕಾಲುಗಳಲ್ಲಿ, ಎರಡು ದಿನಕ್ಕೊಂದರಂತೆ ಆಡಬೇಕಾದೀತು ಎಂಬುದೂ ಅಷ್ಟೇ ನಿಜ.

ಅಂಕೆಗಳ ಬದಲು ‘ಪಿ–ಪಿ’ ಎಂದಿದ್ದರೆ ಪಂದ್ಯ ಮುಂದೂಡಲಾಗಿದೆ ಎಂದರ್ಥ. ‘ಎ–ಎ’ ಎಂದಿದ್ದರೆ ಆರಂಭವಾದ ಪಂದ್ಯ ನಡುವೆ ನಿಂತಿದೆ: ಮಂಜು ಕವಿದಿರಬಹುದು, ದೀಪಗಳು ಆರಿರಬಹುದು, ಆಟಗಾರನೊಬ್ಬನಿಗೆ ಗಂಭೀರ ಗಾಯವಾಗಿರಬಹುದು. ಹಾಗೆ ನಿಂತ ಪಂದ್ಯವನ್ನು ಸಾಮಾನ್ಯವಾಗಿ ಮೊದಲಿನಿಂದ ಆಡಿಸುತ್ತಾರೆ, ಹೊಡೆದಿದ್ದ ಗೋಲುಗಳು ಲೆಕ್ಕಕ್ಕೆ ಬರುವುದಿಲ್ಲ.

1963ರ ಜನವರಿಯಲ್ಲಿ ಬ್ರಿಟನ್ ವಾರಗಟ್ಟಲೆ ಹೆಪ್ಪುಗಟ್ಟಿ ಪಂದ್ಯಗಳು ಸಾಲುಸಾಲಾಗಿ ನಿಂತುಹೋದಾಗ, ಫಲಿತಾಂಶಗಳ ಮೇಲೆ ಹಣ ಕಟ್ಟುವ ‘ಪೂಲ್ಸ್’ ಆಟ ನಿಲ್ಲಬಾರದೆಂದು, ಹಳೆಯ ಆಟಗಾರರ ಒಂದು ಸಮಿತಿ ಕುಳಿತು, ನಡೆಯದೇ ಇದ್ದ ಪಂದ್ಯಗಳಿಗೂ ಫಲಿತಾಂಶವನ್ನು ಊಹಿಸಿ ಪ್ರಕಟಿಸಿತು. ಶನಿವಾರ ಸಂಜೆಯ ಫಲಿತಾಂಶ ಆ ದೇಶದ ದಿನಚರಿಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರುವ ಸಂಗತಿ ನನಗೆ ತಿಳಿದಿಲ್ಲ.

ಶನಿವಾರ ಮಧ್ಯಾಹ್ನ ಮೂರು ಗಂಟೆ

ಪಂದ್ಯಗಳ ವಾಡಿಕೆಯ ಸಮಯ ಶನಿವಾರ ಮಧ್ಯಾಹ್ನ 3 ಗಂಟೆ. ನಮ್ಮ ಗಡಿಯಾರದಲ್ಲಿ ಅದು ಚಳಿಗಾಲದಲ್ಲಿ ರಾತ್ರಿ 8.30; ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ತಿಂಗಳುಗಳಲ್ಲಿ 7.30. ಈ ಹೊತ್ತಿನಲ್ಲಿ ನಡೆಯುವ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಭಾರತದಲ್ಲಿ ಟಿವಿಯಲ್ಲಿ ನೋಡಬಹುದು, ಆದರೆ ಬ್ರಿಟನ್ನಿನಲ್ಲಿ ನೋಡಲಾಗದು. ಅಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲಿನ ನೇರ ಪ್ರಸಾರಕ್ಕೆ ತಡೆ ಇದೆ. ದೊಡ್ಡ ತಂಡಗಳ ಆಟ ಮನೆಯಲ್ಲೇ ಸಿಕ್ಕರೆ ಸಣ್ಣ ಊರಿನ ಮೈದಾನಕ್ಕೆ ಯಾರೂ ಹೋಗಲಾರರು ಎಂಬ ಆತಂಕದಿಂದ 1960ರ ದಶಕದಲ್ಲಿ ಹುಟ್ಟಿದ ನಿಯಮವಿದು.

ಆ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಏಳನೇ ಹಂತದ ಕ್ಲಬ್ಬಿಗೆ ಟಿವಿಯಿಂದ ಬರುವ ಹಣ ಇಲ್ಲವೆನ್ನುವಷ್ಟು ಅಲ್ಪ. ಬಾಗಿಲಲ್ಲಿ ಕೊಳ್ಳುವ ಟಿಕೆಟು, ಕ್ಲಬ್ಬಿನ ಬಾರಿನಲ್ಲಿ ಕುಡಿಯುವ ಬಿಯರು, ಊರಿನ ಅಂಗಡಿಯವರು ಬೇಲಿಗೆ ಕಟ್ಟಿಸುವ ಜಾಹೀರಾತು ಹಲಗೆ, ಇವುಗಳಿಂದಲೇ ಅದು ನಡೆಯಬೇಕು. ಫಲಿತಾಂಶದ ಪಕ್ಕದಲ್ಲಿ ಪ್ರೇಕ್ಷಕರ ಸಂಖ್ಯೆಯನ್ನು ತಪ್ಪದೆ ಮುದ್ರಿಸುವುದು ಈ ಕಾರಣಕ್ಕೆ. ಗೋಲುಗಳ ಸಂಖ್ಯೆ ತಂಡದ ಸ್ಥಿತಿಯನ್ನು ಹೇಳಿದರೆ, ಈ ಸಂಖ್ಯೆ ಕ್ಲಬ್ಬಿನ ಆರೋಗ್ಯವನ್ನು ಹೇಳುತ್ತದೆ.

ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು

ಇಸ್ತ್ಮಿಯನ್ ಪ್ರೀಮಿಯರ್ ವಿಭಾಗದಲ್ಲಿ ಮೊದಲ ಸ್ಥಾನ ಪಡೆದ ಕ್ಲಬ್ಬಿಗೆ ನೇರ ಬಡ್ತಿ. ಎರಡರಿಂದ ಐದನೇ ಸ್ಥಾನದವರೆಗಿನ ನಾಲ್ವರು ‘ಪ್ಲೇ-ಆಫ್’ ಆಡುತ್ತಾರೆ: ಎರಡನೆಯವರು ಐದನೆಯವರೊಡನೆ, ಮೂರನೆಯವರು ನಾಲ್ಕನೆಯವರೊಡನೆ. ಗೆದ್ದ ಇಬ್ಬರ ನಡುವೆ ಅಂತಿಮ ಪಂದ್ಯ. ಎಲ್ಲವೂ ಒಂದೊಂದೇ ಪಂದ್ಯ, ಮೇಲಿನ ಸ್ಥಾನದವರ ತವರಿನಲ್ಲಿ. ಕೊನೆಯ ನಾಲ್ಕು ಕ್ಲಬ್ಬುಗಳು ಎಂಟನೇ ಹಂತಕ್ಕೆ ಇಳಿಯುತ್ತವೆ. ಹೀಗಾಗಿ ಏಪ್ರಿಲ್‌ನಲ್ಲಿ ಐದನೇ ಮತ್ತು ಆರನೇ ಸ್ಥಾನಗಳ ನಡುವಿನ, ಹದಿನೆಂಟನೇ ಮತ್ತು ಹತ್ತೊಂಬತ್ತನೇ ಸ್ಥಾನಗಳ ನಡುವಿನ ಗೆರೆಗಳ ಮೇಲೆಯೇ ಎಲ್ಲರ ಕಣ್ಣು.

ಮೇಲಿನ ಬಾಗಿಲು ಮೊದಲಿನಿಂದ ಹೀಗೆ ತೆರೆದಿರಲಿಲ್ಲ. ಫುಟ್‌ಬಾಲ್ ಲೀಗಿಗೆ ಸೇರಬೇಕಾದರೆ 1987ರ ಮೊದಲು ಗೆದ್ದರಷ್ಟೇ ಸಾಲುತ್ತಿರಲಿಲ್ಲ. ಒಳಗಿದ್ದ ಕ್ಲಬ್ಬುಗಳು ಮತ ಹಾಕಿ ಆರಿಸಬೇಕಿತ್ತು, ಅವು ಬಹುಮಟ್ಟಿಗೆ ತಮ್ಮವರನ್ನೇ ಉಳಿಸಿಕೊಳ್ಳುತ್ತಿದ್ದವು. 1987ರಲ್ಲಿ ಸ್ಕಾರ್‌ಬರೋ ಮೊದಲ ಬಾರಿಗೆ ನೇರ ಬಡ್ತಿ ಪಡೆಯಿತು, ಲಿಂಕನ್ ಸಿಟಿ ಕೆಳಗಿಳಿಯಿತು. 2003ರಿಂದ ಇಬ್ಬರಿಗೆ ಅವಕಾಶ. ಈ ಬಾಗಿಲು ಇಂದಿಗೂ ಇಕ್ಕಟ್ಟಿನದೇ: 2022–23ರಲ್ಲಿ ರೆಕ್ಸಮ್ 111 ಅಂಕ ಗಳಿಸಿ ಗೆದ್ದಾಗ 107 ಅಂಕ ಗಳಿಸಿದ್ದ ನಾಟ್ಸ್ ಕೌಂಟಿ ಎರಡನೆಯದಾಗಿ ಪ್ಲೇ-ಆಫ್ ಆಡಬೇಕಾಯಿತು, ಅದಕ್ಕೆ ಬಡ್ತಿ ಸಿಕ್ಕಿದ್ದು ಅಂತಿಮ ಪಂದ್ಯದ ಪೆನಾಲ್ಟಿ ಒದೆತಗಳಲ್ಲಿ.

ಆಟದಲ್ಲಿ ಗೆದ್ದೂ ಮೈದಾನದಿಂದ ಸೋಲುವುದುಂಟು. ಪ್ರತಿ ಹಂತಕ್ಕೂ ಆಸನ, ದೀಪ, ಪ್ರೇಕ್ಷಕರ ಸಾಮರ್ಥ್ಯದ ಮಾನದಂಡಗಳಿವೆ. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್ ಐದನೇ ಹಂತವನ್ನು ಗೆದ್ದರೂ ಮೈದಾನದ ಕಾರಣಕ್ಕೆ ಬಡ್ತಿ ಸಿಗಲಿಲ್ಲ. ಮಳೆಗೆ ಜಗ್ಗದ ಕೃತಕ ಹುಲ್ಲಿನ ಮೈದಾನ ಹಾಕಿಸಿಕೊಂಡಿದ್ದ ಸಟನ್ ಯುನೈಟೆಡ್ 2021ರಲ್ಲಿ ಲೀಗ್ ಟೂಗೆ ಏರಿದಾಗ, ಅಲ್ಲಿ ಕೃತಕ ಹುಲ್ಲಿಗೆ ಅವಕಾಶವಿಲ್ಲದ್ದರಿಂದ, ಅದನ್ನು ಕಿತ್ತು ನಿಜವಾದ ಹುಲ್ಲು ಬೆಳೆಸಬೇಕಾಯಿತು.

ಮೈದಾನದ ಹೊರಗೆ ಬದಲಾಗುವ ಫಲಿತಾಂಶ

ಪಂದ್ಯ ಮುಗಿದರೆ ಫಲಿತಾಂಶವೂ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಯಾವ ಆಟಗಾರ ಯಾವ ದಿನ ಆಡಲು ಅರ್ಹ ಎಂಬುದನ್ನು ನೋಂದಣಿ ಪತ್ರಗಳು ತೀರ್ಮಾನಿಸುತ್ತವೆ, ಅವುಗಳಲ್ಲಿ ತಪ್ಪಾದರೆ ಗಳಿಸಿದ ಅಂಕಗಳೇ ಹೋಗಬಹುದು.

ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಸ್ಥಳಾಂತರಿಸಲು 2002ರಲ್ಲಿ ಅನುಮತಿ ಸಿಕ್ಕಾಗ ಅದರ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ಕಟ್ಟಿ ಕೆಳಗಿನಿಂದ ಆರಂಭಿಸಿದರು. ಸತತ 78 ಲೀಗ್ ಪಂದ್ಯಗಳನ್ನು ಸೋಲದೆ ಆಡಿದ ಈ ತಂಡ 2006–07ರಲ್ಲಿ ಇಸ್ತ್ಮಿಯನ್ ಪ್ರೀಮಿಯರ್ ವಿಭಾಗದಲ್ಲಿದ್ದಾಗ 18 ಅಂಕಗಳನ್ನು ಕಳೆದುಕೊಂಡಿತು. ಆರು ಗೆಲುವುಗಳು ಒಂದೇ ಕಾಗದದಲ್ಲಿ ಮಾಯವಾದಂತೆ. ಅದರ ಆಟಗಾರನೊಬ್ಬ ಹಿಂದೆ ವೇಲ್ಸಿನ ಕ್ಲಬ್ಬಿಗೆ ಆಡಿದ್ದ. ಫುಟ್‌ಬಾಲಿನಲ್ಲಿ ವೇಲ್ಸ್ ಬೇರೆ ದೇಶವಾದ್ದರಿಂದ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ಬೇಕಿತ್ತು, ಅದು ಇರಲಿಲ್ಲ. ಮಗು ತರಗತಿಯಲ್ಲಿ ಕುಳಿತು ಪರೀಕ್ಷೆ ಬರೆದ ಮೇಲೆ, ಹಿಂದಿನ ಶಾಲೆಯ ಟಿ.ಸಿ. ತಂದಿಲ್ಲವೆಂದು ಅಂಕಗಳನ್ನು ಹೊಡೆದುಹಾಕಿದ ಹಾಗೆ. ಮೇಲ್ಮನವಿಯ ಬಳಿಕ ಕಡಿತ 3 ಅಂಕಕ್ಕೆ ಇಳಿಯಿತು. 2011ರಲ್ಲಿ ಇದೇ ಕ್ಲಬ್ಬು ಫುಟ್‌ಬಾಲ್ ಲೀಗನ್ನು ತಲುಪಿತು.

ಇದೇ ನಿಯಮ ಸಣ್ಣವರ ಪರವಾಗಿಯೂ ತಿರುಗಬಹುದು. 2023ರ ನವೆಂಬರ್‌ನಲ್ಲಿ ಇಸ್ತ್ಮಿಯನ್ ಲೀಗಿನ ಹಾರ್ಷಮ್, ಎಫ್‌ಎ ಕಪ್ಪಿನಲ್ಲಿ ಮೂರನೇ ಹಂತದ ಬಾರ್ನ್ಸ್‌ಲಿಯೊಡನೆ ಅವರ ಮೈದಾನದಲ್ಲಿಯೇ 3–3 ಸಮ ಮಾಡಿಕೊಂಡಿತು. ಮರುಪಂದ್ಯದಲ್ಲಿ 0–3 ಸೋತಿತು. ಆ ಮರುಪಂದ್ಯದಲ್ಲಿ ಬಾರ್ನ್ಸ್‌ಲಿ ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿತ್ತೆಂದು ತಿಳಿದಾಗ ಅದನ್ನು ಕಪ್ಪಿನಿಂದ ಹೊರಹಾಕಿದರು, ಸೋತ ಹಾರ್ಷಮ್ ಎರಡನೇ ಸುತ್ತಿಗೆ ಹೋಯಿತು.

ಕ್ಲಬ್ಬೊಂದು ನಡುವೆಯೇ ಮುಚ್ಚಿಹೋದರೆ ಅದು ಆಡಿದ ಪಂದ್ಯಗಳನ್ನೆಲ್ಲ ದಾಖಲೆಯಿಂದ ತೆಗೆಯುತ್ತಾರೆ. 2010ರಲ್ಲಿ ಐದನೇ ಹಂತದ ಚೆಸ್ಟರ್ ಸಿಟಿ ಹೀಗೆ ಅಳಿದಾಗ, ಅದನ್ನು ಸೋಲಿಸಿದ್ದ ತಂಡಗಳು ಆ ಅಂಕಗಳನ್ನು ಕಳೆದುಕೊಂಡವು.

ಎಲ್ಲಕ್ಕಿಂತ ದೊಡ್ಡ ಅಳಿಸುವಿಕೆ ನಡೆದದ್ದು 2020ರ ಮಾರ್ಚ್‌ನಲ್ಲಿ. ಕೋವಿಡ್ ಕಾರಣಕ್ಕೆ ಏಳನೇ ಹಂತದಿಂದ ಕೆಳಗಿನ ಲೀಗುಗಳ ಆ ಋತುವಿನ ಫಲಿತಾಂಶಗಳನ್ನೆಲ್ಲ ರದ್ದುಮಾಡಲಾಯಿತು: ಬಡ್ತಿ ಇಲ್ಲ, ಹಿಂಬಡ್ತಿ ಇಲ್ಲ, ಚಾಂಪಿಯನ್ ಇಲ್ಲ. ಹತ್ತನೇ ಹಂತದ ಜರ್ಸಿ ಬುಲ್ಸ್ ಆಡಿದ್ದ 27 ಲೀಗ್ ಪಂದ್ಯಗಳನ್ನೂ ಗೆದ್ದಿತ್ತು, ಅವೂ ಹೋದವು. ಇಸ್ತ್ಮಿಯನ್ ಪ್ರೀಮಿಯರ್ ವಿಭಾಗದ ಅಗ್ರಸ್ಥಾನದಲ್ಲಿ ಸಮುದ್ರ ತೀರದ ವರ್ದಿಂಗ್ ಪಟ್ಟಣದ ಕ್ಲಬ್ಬಿತ್ತು. ಮರುವರ್ಷವೂ ಅದು ಮೊದಲ ಸ್ಥಾನದಲ್ಲಿದ್ದಾಗಲೇ, 2021ರ ಫೆಬ್ರವರಿಯಲ್ಲಿ, ಋತುವನ್ನು ಮೊಟಕುಗೊಳಿಸಲಾಯಿತು. ಮೂರನೇ ಬಾರಿ, 2021–22ರಲ್ಲಿ, ಪಂದ್ಯಗಳು ಕೊನೆಯವರೆಗೆ ನಡೆದವು. ವರ್ದಿಂಗ್ ಗೆದ್ದಿತು, ಆರನೇ ಹಂತಕ್ಕೆ ಏರಿತು.